ಒಂಬತ್ತು ದಿನಗಳ ಸುಗ್ಗಿ

ಆತ್ಮೀಯ ಕನ್ನಡ ಬಂಧುಗಳೇ,

ರಾಜ್ಯೋತ್ಸವದ ಬಾವುಟ ಮಡಿಸಿಟ್ಟು, ದೀಪಾವಳಿಯ ಚಕ್ಕುಲಿ ಡಬ್ಬಿಯ ತಳ ಕಾಣುವ ಹೊತ್ತಿಗೆ ನಮ್ಮ ವಿಸ್ಕಾನ್ಸಿನ್‌ನಲ್ಲಿ ಇನ್ನೊಂದು ಹಬ್ಬ ಶುರುವಾಗುತ್ತದೆ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ, ಸೂರ್ಯ ಹುಟ್ಟಲು ಇನ್ನೂ ಅರ್ಧ ಗಂಟೆ ಇರುವಾಗಲೇ ಆರಂಭವಾಗಿ, ಹಬ್ಬ ಕಳೆದ ಭಾನುವಾರಕ್ಕೆ ಮುಗಿಯುವ ಬಂದೂಕಿನ ಜಿಂಕೆ ಬೇಟೆ. ಐದು ಲಕ್ಷಕ್ಕೂ ಹೆಚ್ಚು ಜನ ಲೈಸೆನ್ಸ್ ಕೊಂಡು ಕಾಡಿಗೆ ಇಳಿಯುತ್ತಾರೆ. ಆಫೀಸಿನಲ್ಲಿ ಅರ್ಧ ಕುರ್ಚಿಗಳು ಖಾಲಿ. ಪೆಟ್ರೋಲ್ ಬಂಕಿನಲ್ಲಿ ಬೆಳಗಿನ ನಾಲ್ಕಕ್ಕೇ ಕಾಫಿಗೆ ಸಾಲು. ಗಂಡ ಬೇಟೆಗೆ ಹೋದ ಹೆಂಗಸರಿಗೆಂದು ಅಂಗಡಿಗಳಲ್ಲಿ ವಿಶೇಷ ರಿಯಾಯಿತಿ. ಆ ಮಾರಾಟಕ್ಕೆ ಇಟ್ಟಿರುವ ಹೆಸರಿನಲ್ಲಿ ಅವರನ್ನು ಆ ವಾರದ ಮಟ್ಟಿಗೆ ವಿಧವೆಯರನ್ನಾಗಿಯೇ ಮಾಡಿಬಿಟ್ಟಿದ್ದಾರೆ. ನಮ್ಮ ಅಜ್ಜಿಯರು ಕೇಳಿದ್ದರೆ "ಬಿಡ್ತು ಅನ್ನಿ" ಎನ್ನುತ್ತಿದ್ದರು.

ಹೊಸದಾಗಿ ಬಂದ ನಮ್ಮವರು ಪ್ರತಿ ನವೆಂಬರ್‌ನಲ್ಲೂ ಕೇಳುವ ಪ್ರಶ್ನೆ ಒಂದೇ: ಇಷ್ಟು ಚಳಿಯಲ್ಲಿ ಮರದ ಮೇಲೆ ಕೂತು ಪಾಪದ ಜಿಂಕೆಗೆ ಗುಂಡು ಹೊಡೆಯುವುದರಲ್ಲಿ ಅದೆಂಥ ಸುಖ? ನಾನು ಬೇಟೆಗಾರನಲ್ಲ, ಕೋವಿ ಹಿಡಿದವನೂ ಅಲ್ಲ. ಆದರೆ ಬೇಟೆಗಾರರ ನೆರೆಯಲ್ಲಿ ಬಹಳ ಕಾಲದಿಂದ ಇದ್ದೇನೆ, ಅವರು ಕೊಟ್ಟ ಮಾಂಸ ತಿಂದಿದ್ದೇನೆ. ಅಷ್ಟು ಋಣಕ್ಕಾದರೂ ಈ ಸಲದ ಸಂಪಾದಕೀಯ ಇರಲಿ.

ನಮ್ಮ ಪಕ್ಕದ ಮನೆಯ ಹಿರಿಯರು ಹುಡುಗನಾಗಿದ್ದಾಗಿನಿಂದ ಸೀಸನ್ ತಪ್ಪಿಸಿದವರಲ್ಲ. ಒಂದು ವರ್ಷ ಅವರಿಗೆ ಮೊದಲ ದಿನ ಬೆಳಗ್ಗೆ ಎಂಟರೊಳಗೆ ದೊಡ್ಡ ಕೊಂಬಿನ ಗಂಡು ಸಿಕ್ಕಿತು. ಅಭಿನಂದನೆ ಹೇಳಲು ಹೋದರೆ ಮುಖ ಸಪ್ಪೆ. ಕೇಳಿದ್ದಕ್ಕೆ, ಕೈಲಿದ್ದ ಟ್ಯಾಗ್ (ಒಂದು ಜಿಂಕೆ ಹೊಡೆಯಲು ಕೊಡುವ ಪರವಾನಗಿ ಚೀಟಿ) ಅಷ್ಟು ಬೇಗ ಮುಗಿದುಹೋಯಿತು, ಉಳಿದ ದಿನವೆಲ್ಲ ಕ್ಯಾಬಿನ್ನಿನಲ್ಲಿ ಉಳಿದವರ ಪಾತ್ರೆ ತೊಳೆದುಕೊಂಡು ಇದ್ದೆ ಎಂದರು. ಇನ್ನೊಂದು ವರ್ಷ ಒಂದು ಜಿಂಕೆಯೂ ಸಿಗದೆ ಕೈ ಬೀಸಿಕೊಂಡು ಬಂದವರು ಮನೆ ಮುಂದೆ ನಿಂತು ಮುಕ್ಕಾಲು ಗಂಟೆ ಕಥೆ ಹೇಳಿದರು: ಅಟ್ಟಣೆಯ ಕೆಳಗೇ ಹಾದುಹೋದ ನರಿ, ಕೋವಿಯ ನಳಿಗೆಯ ಮೇಲೆ ಬಂದು ಕೂತ ಪುಟ್ಟ ಹಕ್ಕಿ, ಹಿಮ ಬಿದ್ದ ಮೇಲೆ ಕಾಡಿನ ಸದ್ದೇ ಬದಲಾಗುವ ಬಗೆ, ರಾತ್ರಿ ಶೀಪ್ಸ್‌ಹೆಡ್ ಇಸ್ಪೀಟಿನಲ್ಲಿ ತಮ್ಮನಿಂದ ಗೆದ್ದ ಚಿಲ್ಲರೆ ಕಾಸು.

ಹಾಗೆಂದು ಜಿಂಕೆ ಸಿಗದಿದ್ದರೂ ಸರಿ, ಪ್ರಕೃತಿಯ ಮಡಿಲಲ್ಲಿ ಕೂತು ಬಂದರೆ ಸಾಕು ಎಂಬ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಪ್ರಕೃತಿ ನೋಡಲು ಕೋವಿ ಬೇಡ, ಬೈನಾಕ್ಯುಲರ್ ಸಾಕು. ಸಿಗಬಹುದು ಎಂಬ ಆಸೆ ಇಲ್ಲದಿದ್ದರೆ ಅಷ್ಟು ಹೊತ್ತು ಅಲ್ಲಾಡದೆ ಕೂರಲು ಯಾರಿಂದಲೂ ಆಗದು. ಆ ಆಸೆಯೇ ಕಿವಿಯನ್ನು ಚುರುಕಾಗಿಸುವುದು. ಒಣಗಿದ ಓಕ್ ಎಲೆಯ ಮೇಲೆ ಅಳಿಲು ಓಡಿದರೂ ಎದೆ ಹಾರುತ್ತದಂತೆ. ಅಳಿಲಿನಷ್ಟು ಸದ್ದು ಮಾಡುವ ಜಿಂಕೆ ಇಲ್ಲ ಎಂಬುದು ಗೊತ್ತಾಗಲು ಕೆಲವು ಸೀಸನ್ ಬೇಕು.

ಇದೇ ಹಿರಿಯರ ಬಾಯಲ್ಲಿ ಕೆಟ್ಟ ಸೀಸನ್ ಎಂದರೆ ಒಂದೇ ಒಂದು. ಆ ವರ್ಷ ಸಂಜೆಗತ್ತಲಲ್ಲಿ ಅವಸರಪಟ್ಟು ಹೊಡೆದ ಗುಂಡು ಹೊಟ್ಟೆಗೆ ತಾಗಿತ್ತು. ಗಾಯಗೊಂಡ ಜಿಂಕೆಯನ್ನು ಹುಡುಕುವುದು ಒಂದು ವಿದ್ಯೆ. ಹೊಡೆದ ತಕ್ಷಣ ಹಿಂದೆ ಓಡಬಾರದು; ಅಟ್ಟಿದಷ್ಟೂ ಅದು ದೂರ ಹೋಗುತ್ತದೆ. ಮೊದಲು ಅದು ನಿಂತಿದ್ದ ಜಾಗಕ್ಕೆ ಹೋಗಿ ನೆಲ ನೋಡಬೇಕು. ನೊರೆಯಿದ್ದ ತಿಳಿಗೆಂಪು ರಕ್ತವಾದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸಿಗುತ್ತದೆ. ಕಪ್ಪುಗೆಂಪಾದರೆ ಯಕೃತ್ತು, ಕಾಯಬೇಕು. ರಕ್ತದ ಜೊತೆ ಹಸಿರು ಮೇವಿನ ಕಲೆ ಕಂಡರೆ ಹೊಟ್ಟೆ, ಗಂಟೆಗಟ್ಟಲೆ ಕಾಯಬೇಕು. ಅವರಿಗೆ ಕಂಡದ್ದು ಆ ಹಸಿರು. ಕಾದು, ಟಾರ್ಚ್ ಹಿಡಿದು, ಒಂದು ಹನಿ ಕಂಡಲ್ಲಿ ಗುರುತಿಗೆ ಕಾಗದದ ಚೂರು ಸಿಕ್ಕಿಸುತ್ತ, ಮುಂದಿನ ಹನಿಗೆ ಮೊಣಕಾಲ ಮೇಲೆ ತೆವಳುತ್ತ ಹೋದರಂತೆ. ಜೌಗಿನ ಅಂಚಿನಲ್ಲಿ ಗುರುತು ನಿಂತಿತು. ಮಾರನೆಯ ದಿನ ತಮ್ಮನನ್ನೂ ಕರೆದುಕೊಂಡು ಕತ್ತಲಾಗುವವರೆಗೆ ಹುಡುಕಿದರೂ ಸಿಗಲಿಲ್ಲ. ಸೀಸನ್ ಇನ್ನೂ ಬಾಕಿಯಿತ್ತು, ಬಳಸದ ಟ್ಯಾಗ್ ಜೇಬಿನಲ್ಲಿತ್ತು. ಅವರು ಕೋವಿ ಒರೆಸಿ ಕಪಾಟಿಗಿಟ್ಟು ಮನೆಗೆ ಬಂದರು. ಇಲಾಖೆಯ ಯಾವ ನಿಯಮವೂ ಹಾಗೆ ಮಾಡಬೇಕು ಎಂದು ಹೇಳುವುದಿಲ್ಲ.

ನನ್ನ ಮಟ್ಟಿಗೆ ಸೀಸನ್ ಸಾರ್ಥಕವಾಗುವ ಗುಟ್ಟು ಈ ಕಡೆಯೇ ಎಲ್ಲೋ ಇದೆ. ಕೋವಿಯ ಕುದುರೆ ಎಳೆಯುವುದಕ್ಕೆ ಮುಂಚಿನ ತಾಳ್ಮೆ, ಗುಂಡು ಹಾರಿದ ಮೇಲಿನ ಹೊಣೆ. ನಡುವಿನ ಒಂದು ಕ್ಷಣದ ಬಗ್ಗೆ ಒಳ್ಳೆಯ ಬೇಟೆಗಾರರು ಹೆಚ್ಚು ಮಾತಾಡುವುದನ್ನು ನಾನು ಕೇಳಿಲ್ಲ.

ಆ ಹೊಣೆ ಹೇಗಿರುತ್ತದೆಂದು ನೋಡಬೇಕಾದರೆ ಸೀಸನ್ನಿನ ಎರಡನೆಯ ವಾರಾಂತ್ಯ ಅವರ ಗ್ಯಾರೇಜಿಗೆ ಹೋಗಬೇಕು. ಹಿಂಗಾಲು ಮೇಲಾಗಿ ತೂಗುಹಾಕಿದ ಜಿಂಕೆ, ಕೆಳಗೆ ಹರಡಿದ ಹಳೆಯ ರಟ್ಟು. ಕಾಲಿನ ಗಂಟಿನ ಸುತ್ತ ಚಾಕು ಆಡಿಸಿ ಚರ್ಮ ಎಳೆದರೆ ಸ್ವೆಟರ್ ಬಿಚ್ಚಿದ ಹಾಗೆ ಕೆಳಗಿಳಿಯುತ್ತದೆ. ಬೆನ್ನುಮೂಳೆಯ ಎರಡು ಬದಿಗೂ ಉದ್ದಕ್ಕಿರುವ ಮೆತ್ತನೆಯ ಮಾಂಸ ಮೊದಲು ಬರುತ್ತದೆ. ಅದು ಮಾತ್ರ ಯಾರಿಗೂ ಸುಲಭಕ್ಕೆ ಸಿಗದು, ಮನೆಯವರಿಗೇ. ತೊಡೆ ಹುರಿಯಲು, ಕುತ್ತಿಗೆ ಮತ್ತು ಮುಂಗಾಲು ಬೇಯಿಸಲು, ಚೂರುಪಾರೆಲ್ಲ ಹಂದಿಯ ಕೊಬ್ಬಿನ ಜೊತೆ ಸೇರಿ ಸಾಸೇಜಿಗೆ. ಬಿಳಿಯ ಪೊರೆಯನ್ನು ಬಿಡಿಸುವ ತಾಳ್ಮೆ ಇಲ್ಲದವರು ಆಮೇಲೆ ಮಾಂಸ ನಾರು ಎಂದು ದೂರುತ್ತಾರೆ. ಮೊಮ್ಮಗಳು ಮೇಣದ ಕಾಗದದ ಪೊಟ್ಟಣಗಳ ಮೇಲೆ ಮಾರ್ಕರಿನಲ್ಲಿ ಯಾವ ಭಾಗ, ಯಾವ ವರ್ಷ ಎಂದು ಬರೆಯುತ್ತಾಳೆ. ಸಂಜೆಗೆ ಬೀದಿಯ ನಾಲ್ಕು ಮನೆಗೆ ಪೊಟ್ಟಣ ಹೋಗುತ್ತದೆ. ಹೆಚ್ಚಾದದ್ದನ್ನು ದಾನ ಕೊಡಲೂ ವ್ಯವಸ್ಥೆಯಿದೆ: 2000ದಿಂದ ನಡೆಯುತ್ತಿರುವ ಸರ್ಕಾರಿ ಯೋಜನೆಯಲ್ಲಿ ಜಿಂಕೆಯನ್ನು ಗೊತ್ತಾದ ಮಾಂಸದಂಗಡಿಗೆ ಕೊಟ್ಟರೆ ಸಾಕು, ಕೊಯ್ದ ಮಾಂಸ ಹಸಿದವರ ಅನ್ನದಾನ ಕೇಂದ್ರಗಳಿಗೆ ತಲುಪುತ್ತದೆ.

ನಮ್ಮ ಸಂಘದಲ್ಲೂ ಬೇಟೆಗೆ ಹೋಗುವವರು ಒಬ್ಬರಿದ್ದಾರೆ, ಕೊಡಗಿನ ಕಡೆಯವರು. "ನಮ್ಮ ಅಜ್ಜನ ಕಾಲದಲ್ಲಿ ಹಂದಿ ಬಿದ್ದರೆ ಈಡು ಹೊಡೆದವನಿಗೆ ಹೆಚ್ಚಿನ ಪಾಲು, ಸೋವಿ ಅಟ್ಟಿದವರಿಗೆಲ್ಲ ಸಮಪಾಲು, ನಾಯಿಗೂ ಒಂದು ಪಾಲು ಇರ್ತಿತ್ತಂತೆ ಸಂಪಾದಕರೇ. ಇಲ್ಲಿ ಒಬ್ಬನೇ ಮರ ಹತ್ತಿ ಕೂತು ಒಬ್ಬನೇ ಎಳ್ಕೊಂಡು ಬರೋದು ನನಗೆ ಮೊದಮೊದಲು ಒಗ್ಗಲೇ ಇಲ್ಲ," ಎನ್ನುತ್ತಾರೆ. ಅವರ ಮನೆಯಲ್ಲಿ ಸೆಪ್ಟೆಂಬರ್ 3ಕ್ಕೆ ಕೈಲ್ ಪೋಳ್ದ್ ಹಬ್ಬ ತಪ್ಪುವುದಿಲ್ಲ. ನಾಟಿ ಮುಗಿದ ಮೇಲೆ ಕೋವಿ, ಒಡಿಕತ್ತಿಗಳಿಗೆ ಕೋವಿಹೂವಿಟ್ಟು ಪೂಜೆ ಮಾಡಿ, ಹಿಂದೆ ಅಲ್ಲಿಂದ ಬೇಟೆಗೆ ಹೊರಡುತ್ತಿದ್ದ ದಿನ ಅದು. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಂತಿದೆ. ಈಗ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಕಾಯ್ದೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಬೇಟೆಯೊಂದಿಗೆ ಪಾಲು ಹಂಚುವ ಆ ಪದ್ಧತಿಯೂ ಹಳೆಯವರ ಮಾತಿಗೆ ಸರಿದುಹೋದದ್ದು ನಿಜ.

ಅಂದಹಾಗೆ ನಮ್ಮ ನಾಡಿನಲ್ಲಿ ಸಾವಿರ ವರ್ಷ ದಾಟಿ ಉಳಿದ ಬೇಟೆಯ ನೆನಪು ಒಂದಿದೆ: ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು. ಕ್ರಿ.ಶ. 949ರ ಸುಮಾರಿನದು. ತಕ್ಕೋಲದಲ್ಲಿ ಚೋಳರನ್ನು ಗೆದ್ದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಅವನ ದೊರೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಬೆಳ್ತೂರಿನ ಬಳಿಯ ದಿಬ್ಬದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿ, ನಾಯಿ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪೂಜಾರಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಕೊರೆಸಿದ್ದಾರೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಗೆ ಹೋದಾಗ ಕಬ್ಬನ್ ಪಾರ್ಕಿನ ಕಡೆ ಸುತ್ತುವವರು ಒಳಗೆ ಹೋಗಿ ನೋಡಿ. ಎಷ್ಟು ತೂಕದ ಹಂದಿ ಎಂಬ ಲೆಕ್ಕ ಅದರಲ್ಲಿಲ್ಲ.

ಇಲ್ಲಿನ ಸೀಸನ್ ಒಂಬತ್ತೇ ದಿನಕ್ಕೆ ನಿಂತಿರುವುದರ ಹಿಂದೆಯೂ ಒಂದು ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಡು ಕಡಿದು, ಮಾಂಸವನ್ನು ಪೇಟೆಗೆ ಮಾರಲು ಲೆಕ್ಕವಿಲ್ಲದೆ ಕೊಂದು, ಜಿಂಕೆ ತೀರ ಕಡಿಮೆಯಾಗಿತ್ತು. 1925ರಿಂದ 1935ರವರೆಗೆ ಒಂದು ವರ್ಷ ಬಿಟ್ಟು ಒಂದು ವರ್ಷ ಸೀಸನ್ನನ್ನೇ ಮುಚ್ಚಿದ್ದರು. ಆಮೇಲೆ ಸಂತತಿ ಎಷ್ಟು ಚೇತರಿಸಿಕೊಂಡಿತೆಂದರೆ ಚಳಿಗಾಲದಲ್ಲಿ ಮೇವಿಲ್ಲದೆ ಜಿಂಕೆಗಳು ಸಾಯತೊಡಗಿದವು. ಮ್ಯಾಡಿಸನ್‌ನ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆ ಕಲಿಸುತ್ತಿದ್ದ ಆಲ್ಡೊ ಲಿಯೋಪೋಲ್ಡ್ 1943ರಲ್ಲಿ ಹೆಣ್ಣು ಜಿಂಕೆಗಳನ್ನೂ ಹೊಡೆದು ಹಿಂಡು ತಗ್ಗಿಸಬೇಕು ಎಂದಾಗ ಬೇಟೆಗಾರರೇ ಅವರ ಮೇಲೆ ಮುಗಿಬಿದ್ದರು. ಇಂದು ಹೆಣ್ಣು ಜಿಂಕೆಯ ಪರವಾನಗಿ ಮಾಮೂಲು. 1937ರ ಕಾನೂನಿನಂತೆ ಉದ್ದ ಬಂದೂಕು ಮತ್ತು ತೋಟಾಗಳ ಮೇಲಿನ ಶೇಕಡಾ 11ರ ಕೇಂದ್ರ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ನಾವು ಬೇಸಿಗೆಯಲ್ಲಿ ಮಕ್ಕಳನ್ನು ಕರೆದೊಯ್ಯುವ ಎಷ್ಟೋ ಕಾಡು, ಜೌಗುಗಳಿಗೆ ಇವರ ದುಡ್ಡೂ ಸೇರಿದೆ.

ಒಂದು ಬದಲಾವಣೆ ಮಾತ್ರ ಅನೇಕರಿಗೆ ಬೇಸರ ತಂದಿದೆ, ನನಗೂ. 2014ರವರೆಗೆ ಹೊಡೆದ ಜಿಂಕೆಯನ್ನು ನೋಂದಣಿಗೆಂದು ಖುದ್ದಾಗಿ ಕೇಂದ್ರಕ್ಕೆ ಒಯ್ಯಬೇಕಿತ್ತು. ಕೇಂದ್ರವೆಂದರೆ ಹೆಚ್ಚಾಗಿ ಊರಿನ ಹೆಂಡದಂಗಡಿ, ಇಲ್ಲವೇ ಪೆಟ್ರೋಲ್ ಬಂಕು. ಪಿಕಪ್ ಟ್ರಕ್ಕುಗಳ ಹಿಂದೆ ಜನ ಗುಂಪುಗೂಡಿ ಇಣುಕುತ್ತಿದ್ದರು, ಮಕ್ಕಳು ಕೊಂಬು ಮುಟ್ಟಿ ನೋಡುತ್ತಿದ್ದರು, ಏನೂ ಸಿಗದವರೂ ಬಂದು ಒಂದು ಬಿಯರ್ ಹಿಡಿದು ನಿಲ್ಲುತ್ತಿದ್ದರು. 2015ರಿಂದ ಫೋನಿನಲ್ಲೋ ಇಂಟರ್ನೆಟ್ಟಿನಲ್ಲೋ ನೋಂದಣಿ. ಮಾರನೆಯ ದಿನ ಸಂಜೆ ಐದರೊಳಗೆ ಗುಂಡಿ ಒತ್ತಿದರೆ ಮುಗಿಯಿತು. ಇಲಾಖೆಗೆ ಅನುಕೂಲ, ದೂರ ಹೋಗಬೇಕಾದವರಿಗೂ ಅನುಕೂಲ. ಪಕ್ಕದ ಮನೆಯ ಹಿರಿಯರು ಮಾತ್ರ ಈಗಲೂ ಮೊದಲ ಶನಿವಾರದ ಸಂಜೆ ಆ ಹೆಂಡದಂಗಡಿಗೆ ಟ್ರಕ್ ತೆಗೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸುವ ಇನ್ನೂ ಕೆಲವರಿದ್ದಾರಂತೆ.

ಇನ್ನು ನಮ್ಮವರಿಗೆ ಬೇಕಾದ ನಾಲ್ಕು ಮಾತು. ಈ ಒಂಬತ್ತು ದಿನ ಕಾಡಿನ ದಾರಿಯಲ್ಲಿ ವಾಕಿಂಗ್ ಹೋಗುವವರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿಯನ್ನೋ ಟೋಪಿಯನ್ನೋ ಹಾಕಿಕೊಳ್ಳಿ. ಬೇಟೆಗಾರರಿಗೆ ಸೊಂಟದ ಮೇಲಿನ ಉಡುಪಿನ ಅರ್ಧ ಭಾಗವಾದರೂ ಆ ಬಣ್ಣ ಕಡ್ಡಾಯ; 2016ರಿಂದ ಅಷ್ಟೇ ಹೊಳೆಯುವ ಗುಲಾಬಿ ಬಣ್ಣವೂ ಆಗುತ್ತದೆ. ಕಂದು ಕೋಟು, ಬಿಳಿ ಮಫ್ಲರ್ ಮಾತ್ರ ಬೇಡವೇ ಬೇಡ. ಈ ಜಿಂಕೆ ಓಡುವಾಗ ಎತ್ತುವ ಬಾಲದ ಬಣ್ಣ ಬಿಳಿ. ಮುಸ್ಸಂಜೆ ಕಾರು ಓಡಿಸುವಾಗ ಒಂದು ಜಿಂಕೆ ರಸ್ತೆ ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ ಎಂದು ತಿಳಿಯಿರಿ. ನೆರೆಯವರು ಮಾಂಸ ಕೊಟ್ಟರೆ ಪರೀಕ್ಷೆ ಮಾಡಿಸಿದ್ದೇ ಎಂದು ಕೇಳಲು ಸಂಕೋಚ ಬೇಡ. ಜಿಂಕೆಗಳ ಮಿದುಳನ್ನು ಕೊಲ್ಲುವ ಸಿಡಬ್ಲ್ಯುಡಿ ಎಂಬ ರೋಗ ಈ ರಾಜ್ಯದಲ್ಲಿ 2002ರಲ್ಲಿ ಕಾಣಿಸಿಕೊಂಡಿತು. ಮನುಷ್ಯರಿಗೆ ಅಂಟಿದ ಉದಾಹರಣೆ ಇಲ್ಲ, ಆದರೂ ರೋಗ ಇದೆಯೆಂದು ವರದಿ ಬಂದ ಜಿಂಕೆಯನ್ನು ತಿನ್ನಬೇಡಿ ಎಂಬುದೇ ಆರೋಗ್ಯ ಇಲಾಖೆಗಳ ಸಲಹೆ. ಒಳ್ಳೆಯ ಬೇಟೆಗಾರ ಕೇಳುವ ಮೊದಲೇ ಹೇಳಿರುತ್ತಾನೆ.

ಅಡುಗೆಯ ವಿಷಯ. ಈ ಮಾಂಸದಲ್ಲಿ ಕೊಬ್ಬು ಇಲ್ಲವೇ ಇಲ್ಲ ಎನ್ನಬಹುದು. ಕುರಿ ಮಾಂಸದಂತೆ ಎಂದುಕೊಂಡು ಹುರಿಯುತ್ತಾ ಹೋದರೆ ಚಪ್ಪಲಿ ಆಗುತ್ತದೆ. ನಮ್ಮ ಕೊಡಗಿನ ಸದಸ್ಯರು ತೊಡೆಯ ತುಂಡುಗಳಿಗೆ ಹುರಿದ ಕಾಳುಮೆಣಸು, ಜೀರಿಗೆ, ಸಾಸಿವೆಯ ಪುಡಿ ಹಾಕಿ, ಸ್ವಲ್ಪ ಹಂದಿಯ ಕೊಬ್ಬನ್ನೂ ಸೇರಿಸಿ ನಿಧಾನ ಬೇಯಿಸಿ, ಇಳಿಸುವ ಮುಂಚೆ ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿ ಬಿಡುತ್ತಾರೆ. ಊರಿಂದ ಬಂದ ಕಾಚಂಪುಳಿ ಸೀಸೆ ಅವರ ಮನೆಯಲ್ಲಿ ಬಂದೂಕಿಗಿಂತ ಭದ್ರವಾಗಿರುತ್ತದೆ.

ಡಿಸೆಂಬರ್ ತಿಂಗಳ ಸಹಭೋಜನಕ್ಕೆ ಅವರು ಒಂದು ಪಾತ್ರೆ ತರುವುದಾಗಿ ಒಪ್ಪಿದ್ದಾರೆ, ಪಕ್ಕದ ಮನೆಯ ಹಿರಿಯರನ್ನೂ ಕರೆಯಲಾಗಿದೆ. ಮಾಂಸದ ಅಡುಗೆಗೆ ಎಂದಿನಂತೆ ಬಾಗಿಲ ಬಳಿಯ ಬೇರೆ ಮೇಜು, ಬೇರೆ ಸೌಟು. ತರುವವರು ಹೆಸರು ಕೊಡುವಾಗ ಯಾವ ಮಾಂಸ ಎಂಬುದನ್ನೂ ದಯವಿಟ್ಟು ಬರೆಯಿರಿ. ಹಿರಿಯರು ಕಳೆದ ಸಲ ಬಿಸಿಬೇಳೆಬಾತ್ ಎರಡು ಸಲ ಹಾಕಿಸಿಕೊಂಡಿದ್ದರು, ಹಾಗಾಗಿ ಸಸ್ಯಾಹಾರದ ಕಡೆಯ ಸಮಿತಿಯವರೂ ಒಂದು ಸೇರು ಹೆಚ್ಚಿಗೆ ಮಾಡಿದರೆ ಒಳ್ಳೆಯದು.

ಸಂಪಾದಕ