ತುಕ್ಕು, ತೋಟ, ತುಸು ಆಸೆ: ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಮಿತ್ರರೇ,

ನೀವು ಕಳುಹಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಕೋವಿಡ್ ನಿರ್ಬಂಧಗಳು ಸಡಿಲಗೊಳ್ಳತೊಡಗಿದ 2021ರ ದಿನಗಳನ್ನು ಹೂದೋಟದಲ್ಲಿ ಮಳೆಬಿಸಿಲಿಗೆ ಮೈಯೊಡ್ಡಿ ನಿಂತ ಲೋಹದ ಅಲಂಕಾರಗಳ ಮೂಲಕ ಹೇಳಬೇಕೆಂಬ ನಿಮ್ಮ ಯೋಚನೆ ನನಗೆ ಹಿಡಿಸಿತು. ಆದರೆ ಕಬ್ಬಿಣದ ಕೊಕ್ಕರೆಯನ್ನೂ ತಾಮ್ರದ ಎಲೆಬಳ್ಳಿಯನ್ನೂ ‘ಕಾಲದ ಹೊಡೆತಕ್ಕೆ ನಲುಗಿದವು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನನ್ನ ತಕರಾರು ಇರುವುದು ಅಲ್ಲಿಯೇ.

ನೀರು ಮತ್ತು ಆಮ್ಲಜನಕದ ಸಂಗದಿಂದ ಹುಟ್ಟುವ ತುಕ್ಕು, ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ; ಆದ್ದರಿಂದಲೇ ಬಣ್ಣದ ಪದರ ಮೊದಲು ಉಬ್ಬಿ, ಆಮೇಲೆ ಬಿರಿದು, ಹಕ್ಕಳೆಯಾಗಿ ಉದುರುತ್ತದೆ, ಉದುರಿದ ಕಡೆ ಒಳಗಿನ ಲೋಹ ಮತ್ತೆ ಗಾಳಿಗೆ ತೆರೆದುಕೊಳ್ಳುತ್ತದೆ. ಕೊಕ್ಕರೆಯ ಬಳಿ ಕುಳಿತು ನೋಡಿ: ನುಣುಪಾದ ಬೆನ್ನಿಗಿಂತ ಮೊದಲು, ಕಾಲಿಗೆ ಬೆಸುಗೆ ಹಾಕಿದ ಸಂದಿನಲ್ಲಿ, ಮಳೆನೀರು ಹರಿದುಹೋಗದೆ ನಿಲ್ಲುವ ರೆಕ್ಕೆಯ ಮಡಿಕೆಯಲ್ಲಿ ಅದು ಶುರುವಾಗಿರುತ್ತದೆ. ತಾಮ್ರದ ನಡತೆಯೇ ಬೇರೆ. ಅದು ಮೊದಲು ಕಂದಾಗಿ, ನಿಧಾನವಾಗಿ ಹಸಿರು ಕಿಲುಬನ್ನು ಹೊದ್ದುಕೊಳ್ಳುತ್ತದೆ, ಆ ಹೊದಿಕೆ ಮೈಗಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. 1886ರಲ್ಲಿ ಅನಾವರಣಗೊಂಡ ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆ ಪೂರ್ತಿ ಹಸಿರಾಗಲು ದಶಕಗಳೇ ಹಿಡಿದವು. ಹೀಗಿರುವಾಗ ಲಾಕ್‌ಡೌನ್‌ಗೆ ಮುಂಚೆ ತಂದ ಎಲೆಬಳ್ಳಿ ಮರುವರ್ಷವೇ ಹಸಿರಾಗಿ ಕಂಗೊಳಿಸಿತೆಂದರೆ, ಲೋಹ ಬಲ್ಲ ಓದುಗ ನಿಮ್ಮನ್ನು ಅಲ್ಲಿಂದ ಮುಂದೆ ನಂಬುವುದಿಲ್ಲ.

ನಿಮ್ಮ ವಸ್ತುವಿಗೆ ಇನ್ನೂ ಹತ್ತಿರವಾದ ಲೋಹವೊಂದಿದೆ. ತೋಟದ ಶಿಲ್ಪಗಳಿಗೆ ಈಗ ಬಹಳ ಬಳಕೆಯಾಗುವ ಕಾರ್ಟೆನ್ ಉಕ್ಕು ತನ್ನ ತುಕ್ಕನ್ನೇ ಬಿಗಿಯಾದ ರಕ್ಷಣೆಯ ಪದರವಾಗಿ ಮಾಡಿಕೊಳ್ಳುತ್ತದೆ. ಆದರೆ ಅದಕ್ಕೆ ನೆನೆಯುವುದೂ ಒಣಗುವುದೂ ಒಂದರ ಹಿಂದೊಂದು ಸಿಗಬೇಕು. ಬುಡದಲ್ಲಿ ತರಗೆಲೆ ಕೊಳೆತು ಸದಾ ತೇವ ನಿಂತರೆ ಆ ಪದರ ಸರಿಯಾಗಿ ಕೂಡಿಕೊಳ್ಳುವುದೇ ಇಲ್ಲ. ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆದ ಆ ದಿನಗಳ ಬಗ್ಗೆ ನಿಮ್ಮ ಮೂರು ಪುಟಗಳ ರೂಪಕಗಳಿಗಿಂತ ಈ ಒಂದು ಸಂಗತಿ ಹೆಚ್ಚು ಹೇಳುತ್ತದೆ. ಅದನ್ನು ವಿವರಿಸಲು ಹೋಗಬೇಡಿ, ಸುಮ್ಮನೆ ಇಟ್ಟುಬಿಡಿ.

ಇನ್ನು ಆಶಾಭಾವದ ಮಾತು. 2021ರಲ್ಲಿ ನಿಂತ ನಿಮ್ಮ ನಿರೂಪಕಿಗೆ ಆ ನವೆಂಬರಿನಲ್ಲಿ ಒಮಿಕ್ರಾನ್ ಎಂಬ ಹೊಸ ಕೊರೊನಾ ತಳಿ ಬರುವುದು ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ್ದು 2023ರ ಮೇ 5ರಂದು. ಆ ಅರಿವನ್ನು ಅವಳ ಬಾಯಿಗೆ ತುರುಕಬೇಡಿ. ಅವಳಿಗೆ ಗೊತ್ತಿದ್ದುದು ಇಷ್ಟೇ: ಲಸಿಕೆ ಬಂದಿದೆ, ಮುಚ್ಚಿದ ಕೋಣೆಗಿಂತ ಬಯಲಿನ ಗಾಳಿಯಲ್ಲಿ ಸೋಂಕಿನ ಭಯ ಕಡಿಮೆ, ಆದ್ದರಿಂದ ಬಂದವರನ್ನು ಕೂರಿಸಲು ತೋಟವೇ ಮೇಲು. ತಿಂಗಳುಗಟ್ಟಲೆ ಮನೆಯವರಷ್ಟೇ ನೋಡಿದ್ದ ಕೊಕ್ಕರೆಯನ್ನು ಈಗ ಇನ್ನೊಬ್ಬರು ನೋಡಲಿದ್ದಾರೆ. ಅವಳು ತಂತಿ ಬ್ರಷ್ಷಿನಿಂದ ಹಕ್ಕಳೆ ಕೆರೆದು, ಪ್ರೈಮರ್ ಬಳಿದು, ಕುರ್ಚಿಗಳನ್ನು ದೂರ ದೂರ ಇಡಲಿ. ಬರಬೇಕಾದವರು ಕೊನೆಯ ಗಳಿಗೆಯಲ್ಲಿ ಕೆಮ್ಮಿನ ಕಾರಣ ಹೇಳಿ ಭೇಟಿಯನ್ನು ಮುಂದೂಡಲಿ. ಆದರೂ ಪ್ರೈಮರ್ ಒಣಗಿದ ಮೇಲೆ ಅವಳು ಬಣ್ಣ ಹಚ್ಚಲಿ. ನೀವು ‘ಭರವಸೆ’ ಎಂದು ಒಂಬತ್ತು ಕಡೆ ಬರೆದಿರುವುದನ್ನು ಆಗ ಒಂಬತ್ತೂ ಕಡೆ ಹೊಡೆದುಹಾಕಬಹುದು, ಕೊನೆಯ ಪುಟದ ‘ಎಲ್ಲವೂ ಮೊದಲಿನಂತಾಯಿತು’ ಎಂಬ ವಾಕ್ಯವನ್ನೂ ಜೊತೆಗೇ ಅಳಿಸಿಬಿಡಿ. ತಿದ್ದಿದ ಪ್ರತಿಯನ್ನು ಕಳುಹಿಸಿಕೊಡಿ.

ಇಂತಿ ನಿಮ್ಮ ಹಿತೈಷಿ