ಬೆಳೆಯೋಳೋ, ಬೆಳ್ಯಾಕಿಯೋ? ಗೆಳೆಯನಿಗೊಂದು ಪತ್ರ

ಕೊರಟಗೆರೆ

ಗೆಳೆಯಾ,

‘ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ’ ಅನ್ನೋ ಬೀಸೋ ಪದ ನಿಮ್ಮ ಧಾರವಾಡದ್ದು ಅಂತ ಹೋದ ಸಲ ಪಟ್ಟು ಹಿಡಿದಿದ್ದೆಯಲ್ಲ, ಅದೇ ತಲೆಯಲ್ಲಿತ್ತು. ಊರಿಗೆ ಬಂದವನೇ ದೊಡ್ಡಮ್ಮನ ಮುಂದೆ ಮೊಬೈಲ್ ಹಿಡಿದು ಕೂತೆ. ಎರಡನೇ ಸಾಲಿಗೇ ಮರೆತಳು. ‘ಕೈ ಆಡ್ದೆ ಪದ ಎಲ್ಲಿ ಬತ್ತದೋ’ ಅಂತ ನನಗೇ ಬೈದಳು. ಬೀಸೋ ಕಲ್ಲು ಹಿತ್ತಲ ಬಾಗಿಲಿಗೆ ಮೆಟ್ಟಿಲಾಗಿತ್ತು. ಹೊತ್ತು ತಂದು, ತೊಳೆದು, ಹೊಸ ಗೂಟ ಬಡಿದೆ. ಎರಡು ಹಿಡಿ ರಾಗಿ ಬಿದ್ದ ಮೇಲೆ ನೋಡು, ಗಂಟಲು ಬಿಟ್ಟಿತು.

‘ಎಳ್ಳು ಜೀರಿಗೆ ಬೆಳೆಯೋಳ ಭೂಮ್ತಾಯ’ ಅಂದವಳು ಅದನ್ನೇ ಇನ್ನೊಂದು ಸಲ ಎಳೆದು ‘ಎದ್ದೊಂದು ಗಳಿಗೆ ನೆನೆದೇನು’ಗೆ ಕೂಡಿಸಿದಳು. ತ್ರಿಪದಿ ಹಾಡೋದೇ ಹಾಗೆ. ಪುಸ್ತಕದಲ್ಲಿ ಮೂರು ಸಾಲು, ಬಾಯಲ್ಲಿ ನಾಲ್ಕು. ಆ ಮರಳಿ ಬರೋ ಸಾಲಿನಲ್ಲೇ ಅವಳ ಎಡಗೈ ಕಲ್ಲಿನ ಬಾಯಿಗೆ ರಾಗಿ ಸುರಿಯುತ್ತಿತ್ತು.

ಈಗ ನಿನ್ನ ತಕರಾರು. ‘ಬೆಳೆಯೋಳು’ ನಮ್ಮ ಕಡೆ ಮಾತು. ನಿಮ್ಮದಾಗಿದ್ದರೆ ‘ಬೆಳ್ಯಾಕಿ’ ಇರಬೇಕಿತ್ತು, ಅಲ್ವಾ? ‘ನೆನೆದೇನು’ ಹತ್ತಿರ ಮಾತ್ರ ನಾನು ಸಿಕ್ಕಿಬಿದ್ದೆ. ನಾವು ‘ನೆನೀತೀನಿ’ ಅನ್ನೋರು. ಇಲ್ಲಿ ಯಾರಾದರೂ ‘ಬಂದೇನು’ ಅಂದರೆ ಬರೋದು ಅನುಮಾನ ಅಂತಲೇ ಲೆಕ್ಕ. ದೊಡ್ಡಮ್ಮನ ಪದದಲ್ಲಿ ಅನುಮಾನದ ಸುಳಿವೇ ಇಲ್ಲ. ಹಳೇ ಮಾತು ಪದದೊಳಗೆ ಹಾಗೇ ಉಳಿದಿದೆ. ಬೇಕಾದರೆ ತ್ರಿಪದಿಯನ್ನು ನಿಮ್ಮದು ಅಂದುಕೋ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಇದೆ, ಸುಮಾರು 1300 ವರ್ಷ ಹಳೇದು.

ಇನ್ನು ಆ ಜೀರಿಗೆ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ, ಅಂದರೆ ನಡುನಡುವೆ ಬಿಡೋ ಬೇರೆ ಬೆಳೆಯ ಸಾಲಲ್ಲಿ, ಅವರೆ, ಹುಚ್ಚೆಳ್ಳು ಹಾಕ್ತಾರೆ. ಜೀರಿಗೆ ನಮಗೆ ಅಂಗಡಿಯಿಂದಲೇ ಬರಬೇಕು. ಕೇಳಿದ್ದಕ್ಕೆ, ‘ಜೀರಿಗೆ ಸಣ್ಣ ಅಂತ ಭತ್ತ ಇರ್ಲಿಲ್ವೇನೋ, ಅದು’ ಅಂದಳು. ಆ ಹೆಸರಿನ ಭತ್ತ ಇರೋದು ನಿಜ. ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎಳ್ಳಿನ ಪಕ್ಕ ಅಂಥದೇ ಪುಟ್ಟ ಕಾಳು ಬೇಕು ಅಂತ ಯಾರೋ ಜೀರಿಗೆ ಕೂರಿಸಿರಬೇಕು.

ಗೆದ್ದೆ ಅಂದುಕೊಳ್ಳುವಾಗ ದೊಡ್ಡಮ್ಮ ಇನ್ನೊಂದು ಹೇಳಿದಳು. ಅವಳ ತವರು ಪಾವಗಡ, ಅಲ್ಲಿ ಮನೆಮಾತು ತೆಲುಗು. ಪದ ಕಲಿತದ್ದು ಮದುವೆಯಾಗಿ ಬಂದ ಮೇಲೆ, ಕಲ್ಲಿನ ಎದುರು ಕೂತ ನಮ್ಮಜ್ಜಿಯಿಂದ. ಅಜ್ಜಿ ತಂದಿದ್ದು ಶಿರಾ ಕಡೆಯ ತವರಿನಿಂದ. ಅವರಮ್ಮ ಎಲ್ಲಿಂದ ತಂದಳೋ! ಹೀಗೇ ತವರಿಂದ ತವರಿಗೆ ಹಿಂದಕ್ಕೆ ಹೋದರೆ ನಿಮ್ಮೂರೇ ಸಿಕ್ಕರೂ ಸಿಗಬಹುದು. ಈಗಲೇ ಹಿಗ್ಗಬೇಡ.

ಬೀಸಿದ ಹಿಟ್ಟಲ್ಲಿ ಕಲ್ಲಿನ ಪುಡಿಯೇ ಜಾಸ್ತಿ. ಕೋಳಿಗೆ ಹಾಕಿದೆವು.

ನಿಮ್ಮಜ್ಜಿ ‘ಬೆಳೆಯೋಳ’ ಅನ್ನೋ ಜಾಗದಲ್ಲಿ ಏನಂತಾರೆ ಕೇಳಿ ಬರೆ. ನೀನು ಎತ್ತಿಕೊಡಬೇಡ, ಸುಮ್ನೆ ಕೇಳಿಸಿಕೋ.

ನಿನ್ನವ