ಪೊಲೀಸ್ ಆಗಲು ಓಟವೊಂದೇ ಸಾಕೇ?

ಮಾನ್ಯರೇ,

ನಾನು ಸೇಡಂ ಕಡೆಯ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮುಂದೇನು ಆಗ್ತೀರಿ ಎಂದು ಕೇಳಿದರೆ ಅರ್ಧ ತರಗತಿ 'ಪೊಲೀಸ್' ಎನ್ನುತ್ತದೆ. ಬೆಳಗಿನ ಜಾವ ಎದ್ದು 1600 ಮೀಟರ್ ಓಡುತ್ತಾರೆ. ಸಂಜೆ ಸಾಮಾನ್ಯ ಜ್ಞಾನದ ಗೈಡ್ ಬಾಯಿಪಾಠ ಮಾಡುತ್ತಾರೆ. ತಯಾರಿ ಅಷ್ಟಕ್ಕೇ ಮುಗಿಯುತ್ತದೆ.

ಆದರೆ ಕೆಲಸ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ (ಅಪರಾಧದ ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಕಾನೂನು) ಶೋಧ, ಜಪ್ತಿಯನ್ನು ವಿಡಿಯೊ ಮಾಡಬೇಕು. 7 ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ (ಫೊರೆನ್ಸಿಕ್) ತಜ್ಞರು ಸ್ಥಳಕ್ಕೆ ಬರಬೇಕು. ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ 5 ವರ್ಷದ ಅವಕಾಶವಿದೆ. ನಮ್ಮ ಮಕ್ಕಳು ಕೆಲಸಕ್ಕೆ ಸೇರುವುದೂ ಅದೇ ಹೊತ್ತಿಗೆ ಅಲ್ವಾ?

ರಕ್ತದ ಕಲೆಯ ಬಟ್ಟೆಯನ್ನು ಒಣಗಿಸಿ ಕಾಗದದ ಕವರಿನಲ್ಲೇ ಇಡಬೇಕು, ಪ್ಲಾಸ್ಟಿಕ್‌ನಲ್ಲಿ ತೇವ ಉಳಿದರೆ ಸಾಕ್ಷ್ಯ ಕೆಡುತ್ತದೆ ಎಂದು ಒಮ್ಮೆ ತರಗತಿಯಲ್ಲಿ ಹೇಳಿದೆ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಸರ್, ಇದನ್ನ ಕಲಿಸೋ ಕೋರ್ಸ್ ಎಲ್ಲಿದೆ?' ಎಂದಳು. ಹತ್ತಿರದಲ್ಲೇ ಇದೆ ಎನ್ನಲು ನನ್ನಿಂದಾಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಕಲಬುರಗಿಯಲ್ಲಿ ಹೈಕೋರ್ಟ್ ಪೀಠವಿದೆ, ನಾಗನಹಳ್ಳಿಯಲ್ಲಿ ಪೊಲೀಸ್ ತರಬೇತಿ ಕಾಲೇಜಿದೆ, ವಿಧಿವಿಜ್ಞಾನ ಪ್ರಯೋಗಾಲಯವೂ ಇದೆ. ವರ್ಷಕ್ಕೆ ಎರಡು ದಿನ ಮಕ್ಕಳನ್ನು ಒಳಗೆ ಬಿಟ್ಟು ತೋರಿಸಲಿ. ಪಂಚನಾಮೆ ಬರೆಯುವುದು, ಸೈಬರ್ ದೂರು ದಾಖಲಿಸುವುದು, ಸಾಕ್ಷ್ಯ ಕಾಪಾಡುವುದು ಇವನ್ನು ಕಲಿಸುವ ವೃತ್ತಿಪರ ವಿಷಯವೊಂದನ್ನು ಪಿಯು ಹಂತದಲ್ಲೇ ಶುರು ಮಾಡಲಿ. ಕಲಬುರಗಿ, ಬೀದರ್, ಯಾದಗಿರಿಯ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ಮುಂದಿನ ಜೂನ್‌ನಿಂದಲೇ ಪ್ರಯತ್ನಿಸಬಹುದು.

– ಒಬ್ಬ ಉಪನ್ಯಾಸಕ, ಸೇಡಂ